ಕೈ ಕಟ್ಟಿ ಕೂರುವುದನ್ನು ಕಲಿತ ತಮ್ಮ

ನನ್ನ ತಮ್ಮನಿಗೆ ಮೂವತ್ತು ದಾಟಿದೆ. ಮಾತು ಬಾರದು. ಹಸಿವಾದರೆ ಅವ್ವನ ಸೆರಗು ಜಗ್ಗುತ್ತಾನೆ, ಗದ್ದಲವಾದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅವ್ವ ರೇಷ್ಮೆ ಸೀರೆ ನೇಯುತ್ತಿದ್ದಳು. ಪಕ್ಕದಲ್ಲಿ ಕೂತು ರಾಟೆ ತಿರುಗಿಸಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದವನು ಇವನೇ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅವತ್ತೂ ಇವನ ಬಲಗೈ ಬರೀ ಗಾಳಿಯಲ್ಲಿ ತಿರುಗುತ್ತಿತ್ತು. ಯಾರಾದರೂ ಹುಚ್ಚ ಅಂದರೆ ಅವ್ವ ಬಿಡುತ್ತಿರಲಿಲ್ಲ. "ನಿಮ್ಮ ಮಕ್ಕಳು ಕೂತು ತಿಂತಾರೆ, ನನ್ನ ಮಗ ದುಡೀತಾನೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಚಳ್ಳಕೆರೆಯಲ್ಲಿ ನನ್ನ ಗಂಡನ ಮನೆ ಇಕ್ಕಟ್ಟು, ಜೊತೆಗೆ ಅತ್ತೆ ಮಾವ. ಅಲ್ಲೇ ಚಳ್ಳಕೆರೆ ಊರ ಹೊರಗೆ ಇಂಥವರಿಗಾಗಿಯೇ ಒಂದು ವಸತಿ ನಿಲಯ ಇದೆಯೆಂದು ಯಾರೋ ಹೇಳಿದರು. ಅವ್ವ ಎದ್ದು ಓಡಾಡುವವರೆಗೆ ಅಂದುಕೊಂಡು ಸೇರಿಸಿದೆವು.

ಜಾಗ ಚೊಕ್ಕಟವಾಗಿತ್ತು, ಸುಳ್ಳು ಹೇಳಬಾರದು. ನೆಲದ ಮೇಲೆ ಒಂದು ಅಗುಳು ಬಿದ್ದಿರುತ್ತಿರಲಿಲ್ಲ. ನಡೆಸುವ ಮೇಡಂ ಬಾಯಿತುಂಬ ಮಾತಾಡಿಸುತ್ತಿದ್ದರು. ಆದರೆ ಅಷ್ಟು ಜನ ಇರುವ ಮನೆ ಅಷ್ಟು ನಿಶ್ಶಬ್ದವಾಗಿರುವುದು ನನಗೆ ಯಾಕೋ ಸರಿಬರಲಿಲ್ಲ. ರಾಟೆಯ ವಿಷಯ ಹೇಳಿ, ಮನೆಯದನ್ನೇ ತಂದುಕೊಡುತ್ತೇನೆ ಎಂದೆ.

"ಅದೆಲ್ಲ ಬ್ಯಾಡ್ರಿ. ಒಬ್ಬನಿಗೆ ಕೊಟ್ರೆ ಎಲ್ಲಾರೂ ಕೇಳ್ತಾರೆ. ಇವನಿಗೆ ಸುಮ್ನೆ ಕೈ ಆಡ್ಸೋ ಚಾಳಿ ಐತೆ, ಬಿಡಿಸ್ತೀವಿ" ಎಂದರು ಮೇಡಂ.

"ಚಾಳಿ ಅಲ್ರಿ, ಅದು ಅವನ ಕೆಲ್ಸ."

ಅವರು ನಕ್ಕರು.

ಕೆಲವೇ ತಿಂಗಳಲ್ಲಿ ಬಿಡಿಸಿಯೇಬಿಟ್ಟರು. ನಾನು ಹೋದಾಗಲೆಲ್ಲ ತಮ್ಮ ಎದೆಯ ಮೇಲೆ ಕೈ ಕಟ್ಟಿಕೊಂಡು ಗೋಡೆಗೊರಗಿ ಕೂತಿರುತ್ತಿದ್ದ. "ನೋಡ್ರಿ, ಎಷ್ಟು ಜಾಣ ಆಗವ್ನೆ" ಎಂದು ಮೇಡಂ ಹಿಗ್ಗುತ್ತಿದ್ದರು. ಅವನು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಅಳುತ್ತಲೇ ನಡೆಯುತ್ತಿದ್ದೆ.

ಯುಗಾದಿ ಹೊತ್ತಿಗೆ ಅವ್ವ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾದಳು. ಹಬ್ಬಕ್ಕೆ ಅವನನ್ನು ಮನೆಗೆ ಕರೆತಂದೆ. ಅವ್ವ ರಾಟೆಯ ಧೂಳು ಒರೆಸಿ, ನೂಲು ಹಾಕಿಸಿ, ಅವನ ಹಳೆಯ ಜಾಗದಲ್ಲೇ ಇಡಿಸಿದ್ದಳು. ಅವನು ಅದರ ಮುಂದೆ ಕೂತ. ಕೂತು ಕೈ ಕಟ್ಟಿಕೊಂಡ.

"ತಿರುಗ್ಸು ನಾಯ್ನಾ" ಎಂದಳು ಅವ್ವ. ಮುದ್ದು ಬಂದಾಗ ಅವಳಿಗೆ ತೆಲುಗು ಬರುತ್ತದೆ.

ಅವನು ಬಾಗಿಲ ಕಡೆ ನೋಡಿದ. ಅವ್ವ ತಲೆ ಸವರಲೆಂದು ಕೈ ಎತ್ತಿದಳು. ಅಷ್ಟಕ್ಕೇ ಅವನು ಎರಡೂ ಮೊಣಕೈಗಳಲ್ಲಿ ತಲೆ ಮುಚ್ಚಿಕೊಂಡು ಮುದುಡಿಬಿಟ್ಟ.

ಅವ್ವ ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿದಳು. "ಯಾರೇ ನನ್ನ ಮಗನ್ನ ಹೊಡ್ದೋರು?" ಎಂದು ನನ್ನನ್ನು ಕೇಳಿದಳು. ಅವನ ಕೈ ಹಿಡಿದು ನೋಡಿದೆ. ಬೆರಳ ಗೆಣ್ಣುಗಳ ಮೇಲೆ ಕಪ್ಪುಗಟ್ಟಿದ ಬರೆಗಳಿದ್ದವು.

ಹಬ್ಬ ಮುಗಿದದ್ದೇ ಒಬ್ಬಳೇ ಚಳ್ಳಕೆರೆಗೆ ವಾಪಸಾಗಿ ನೇರ ಆ ನಿಲಯಕ್ಕೆ ಹೋದೆ. "ಹೊಡ್ತ ಏನಲ್ರಿ, ಕೈ ಆಡಿಸ್ದಾಗ ಸ್ಕೇಲಲ್ಲಿ ಒಂದೊಂದು ಏಟು ಅಷ್ಟೆ. ಶಿಸ್ತು ಬರ್ಬೇಕಲ್ಲ" ಎಂದರು ಮೇಡಂ, ಅದೇ ನಗುಮುಖದಲ್ಲಿ. ಬೀದಿಯವರು ಹೊರಗೆ ಬರುವ ಹಾಗೆ ಕೂಗಾಡಿದೆ. ಅಂಗವಿಕಲರ ಇಲಾಖೆಯ ಆಫೀಸಿಗೂ ದೂರು ಕೊಟ್ಟೆ. ವಿಚಾರಿಸುತ್ತೇವೆ ಅಂದರು. ಇನ್ನೂ ವಿಚಾರಿಸುತ್ತಲೇ ಇದ್ದಾರೆ.

ತಮ್ಮನನ್ನು ಮತ್ತೆ ಅಲ್ಲಿಗೆ ಕಳಿಸಲಿಲ್ಲ. ಗಂಡನ ಮನೆಯಲ್ಲಿ ಯಾರು ಏನಾದರೂ ಅಂದುಕೊಳ್ಳಲಿ, ಆದಾಗಲೆಲ್ಲ ಬಸ್ ಹತ್ತಿ ಅವ್ವನ ಮನೆಗೆ ಹೋಗಿಬರುತ್ತೇನೆ. ರಾಟೆಯನ್ನು ಅವನು ಇನ್ನೂ ಮುಟ್ಟಿಲ್ಲ. ತಲೆಗೆ ಎಣ್ಣೆ ಹಚ್ಚಬೇಕಾದರೆ ಅವ್ವ ಮೊದಲು ಎರಡೂ ಅಂಗೈ ಬಿಡಿಸಿ ಅವನ ಮುಂದೆ ಹಿಡಿಯುತ್ತಾಳೆ. ಅವನು ಆ ಅಂಗೈಗಳನ್ನು ಹಿಂದೆ ಮುಂದೆ ತಿರುವಿ ನೋಡಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ತಲೆ ಬಗ್ಗಿಸುತ್ತಾನೆ.