ಬುಟ್ಟಿಯ ಮೇಲೆ ಕೂತ ಕ್ಯಾಮೆರಾ

ಕತ್ತಲಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ, ಫೋಟೋ ಸ್ಪಷ್ಟವಾಗಿ ಬರಬೇಕಾದರೆ ನಮ್ಮ ಕೈಯನ್ನು ನಂಬಬಾರದು. ಕ್ಯಾಮೆರಾವನ್ನು ಗಟ್ಟಿ ಜಾಗದಲ್ಲಿ ಕೂರಿಸಿ, ಟೈಮರ್ ಹಾಕಿ, ದೂರ ಸರಿಯಬೇಕು. ಹೊನ್ನಾವರದಲ್ಲಿ ಮೀನು ಬೋಟುಗಳು ನಿಲ್ಲುವ ದಕ್ಕೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ನನ್ನ ಪುಟ್ಟ ಕ್ಯಾಮೆರಾಕ್ಕೆ ಅಂಥ ಜಾಗ ಹುಡುಕುತ್ತಿದ್ದೆ. ಗಂಡನ ಬೋಟನ್ನು ಕಳಿಸಲು ಬಂದಿದ್ದ ಹೆಂಗಸೊಬ್ಬರು ತಮ್ಮ ಮೀನುಬುಟ್ಟಿಯನ್ನೇ ಬೋರಲು ಹಾಕಿಕೊಟ್ಟರು.

ದಡಕ್ಕೆ ಎಳೆದಿಟ್ಟ ದೋಣಿಯೊಂದು ಹಗ್ಗದ ಎಳೆ ಕಾಣುವಷ್ಟು ಚೆನ್ನಾಗಿ ಬಂತು. ಹೆಮ್ಮೆಯಿಂದ ತೋರಿಸಿದೆ.

"ಇದೆಂತಕ್ಕೆ? ನಮ್ಮವ್ರ ಬೋಟು ಅಲ್ಲಿ ಹೋಗ್ತಾ ಇದೆ, ಅದ್ನ ತೆಗೀರಿ. ಅದ್ರ ದೀಪ ಕಾಣ್ತಾ ಇರೋ ತನಕ ನಾ ಮನೆಗೆ ಹೋಗೂದಿಲ್ಲ."

ಅವರು ಬುಟ್ಟಿಯನ್ನು ಎರಡೂ ಕೈಯಿಂದ ಒತ್ತಿ, ಉಸಿರು ಬಿಗಿಹಿಡಿದು ಕೂತರು. ಬಂದದ್ದು ಬೋಟಲ್ಲ, ಹೊಳೆ ಕಡಲು ಸೇರುವ ಅಳಿವೆಯ ಕಪ್ಪು ನೀರಿನ ಮೇಲೆ ತೊನೆದಾಡಿದ ಒಂದು ಹಳದಿ ಗೆರೆ.

"ಕೆಟ್ಟೋಯ್ತು ಅಕ್ಕಾ, ಅಳಿಸ್ತೇನೆ."

"ಅಯ್ಯೋ, ಬೇಡಿ! ಅವ್ರು ಹೋಗಿದ್ದು ಹಾಗೇ ಅಲ್ವಾ?"

ಕ್ಯಾಮೆರಾದ ಪರದೆಯನ್ನೇ ತಮ್ಮ ಮೊಬೈಲಿನಲ್ಲಿ ಫೋಟೋ ಹಿಡಿದರು. ಅದು ಇನ್ನಷ್ಟು ಅಲುಗಾಡಿತ್ತು. "ಆತು, ಸಾಕು" ಎಂದು ಅದನ್ನೇ ನೋಡುತ್ತ ನಿಂತರು.

ಸಮುದ್ರದಲ್ಲಿ ದೀಪ ಮರೆಯಾಯಿತು, ನಾನು ಹೊರಟೆ. ಮೊಬೈಲಿನಲ್ಲಿ ಅದು ಕಾಣುತ್ತಲೇ ಇತ್ತಲ್ಲ, ಅವರು ಎಷ್ಟು ಹೊತ್ತಿಗೆ ಮನೆಗೆ ಹೋದರೋ.