ಗ್ಯಾರೇಜಿನ ಜೆರುಸಲೇಮ್

ಹಿಲ್ಸ್‌ಬರೋದ ತಮ್ಮ ಗ್ಯಾರೇಜಿನ ನೆಲದ ಮೇಲೆ ಶಾಮಣ್ಣ ಅಂಕಲ್ ರಂಗೋಲಿಪುಡಿಯಲ್ಲಿ ಜೆರುಸಲೇಮ್ ಬರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಕಾರನ್ನು ಹೊರಗಿಟ್ಟು, ಗಾಳಿ ನುಗ್ಗದಂತೆ ಬಾಗಿಲು ಇಳಿಸಿ, ಮಂಡಿಯೂರಿ ಮೊದಲು ಕೋಟೆ ಎಳೆಯುವರು. ಆಮೇಲೆ ಯೆಹೂದ್ಯರ ಗೋಡೆ, ಕ್ರಿಸ್ತನ ಸಮಾಧಿಯ ಇಗರ್ಜಿ, ಮುಸಲ್ಮಾನರ ಗುಮ್ಮಟ. ಮೈಸೂರಿನಲ್ಲಿ ಇತಿಹಾಸ ಓದಬೇಕೆಂದಿದ್ದವರನ್ನು ಅವರಪ್ಪ ಇಂಜಿನಿಯರಿಂಗಿಗೆ ಸೇರಿಸಿದ್ದರಂತೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಈ ಪರದೇಶಕ್ಕೆ ಬಂದಿದ್ದ ನಾನು ಮತ್ತು ನನ್ನ ರೂಮ್‌ಮೇಟ್, ಧಾರವಾಡದ ಖಾದರ್, ಉಪ್ಪಿಟ್ಟಿನ ಆಸೆಗೆ ಹೋಗಿ ಅವರ ಶಿಷ್ಯರಾದೆವು.

"ಇಗರ್ಜಿ ಒಳಗೆ ಕ್ರೈಸ್ತ ಪಂಗಡಗಳೇ ಜಗಳ ಆಡ್ತವೆ. ಅದಕ್ಕೇ ಬಾಗಿಲಿನ ಕೀ ಮುಸ್ಲಿಮ್ ಮನೆತನದ ಹತ್ರ ಇರೋದು, ಶತಮಾನಗಳಿಂದ. ಆ ಊರಲ್ಲಿ ಯಾರೂ ಓನರ್ ಅಲ್ಲ ಕಣ್ರಯ್ಯ, ಎಲ್ರೂ ಬಾಡಿಗೆದಾರರೇ!"

"ಅಂಕಲ್, ಈ ಬಾಗಲಾ ಭಾಳ ಸಣ್ಣದಾತ್ರೀ. ಒಂಟಿ ಹೆಂಗ ಒಳಗ ಹೋಗಬೇಕು?" ಎಂದು ಖಾದರ್ ಕೆಣಕಿದರೆ, "ನಿನ್ನ ಒಂಟೇನ ಹೊರಗೆ ಪಾರ್ಕ್ ಮಾಡಯ್ಯಾ" ಎನ್ನುವರು.

ಖಾದರನ ಹೆಂಡತಿ ಕೂಸಿನೊಂದಿಗೆ ಊರಿನಿಂದ ಬರುವವಳಿದ್ದಳು. "ನಮ್ಮ ಬೇಸ್‌ಮೆಂಟ್ ಖಾಲಿ ಇಲ್ವೇನೋ? ಬೇರೆ ಎಲ್ಲಿ ಹುಡುಕ್ತೀಯ?" ಎಂದವರು ಅಂಕಲ್ಲೇ. ಅವನು ಮಗುವಿಗೆ ಮಂಚ ತಂದ.

ಆ ಸೆಪ್ಟೆಂಬರಿನಲ್ಲಿ ಅವಳಿ ಗೋಪುರಗಳು ಬಿದ್ದವು. ಎರಡು ವಾರದ ನಂತರ ಅಂಕಲ್ ನನ್ನ ಆಫೀಸಿಗೆ ಫೋನ್ ಮಾಡಿದರು.

"ನೋಡಪ್ಪ, ಅಕ್ಕಪಕ್ಕದವರು ಕೇಳ್ತಾರೆ. ಬೇಸ್‌ಮೆಂಟ್ ನೀನೇ ತಗೊಂಡಿದೀಯ ಅಂತ ಅವನಿಗೆ ಹೇಳ್ಬಿಡು. ನಾನು ಹೇಳಿದ್ರೆ ಚೆನ್ನಾಗಿರಲ್ಲ."

"ಅಂಕಲ್, ಶನಿವಾರ ಅವನ ಹೆಂಡ್ತಿ ಬರ್ತಾಳೆ."

"ಹುಡುಗ ಒಳ್ಳೆಯವನೇ. ನಾನು ಅಲ್ಲ ಅಂದ್ನಾ?"

ನಾನು ಹೇಳಿದೆ. ಅವರ ಮಾತು ಮೀರಿ ಅಭ್ಯಾಸವಿರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ನನಗೆ ಸಿಕ್ಕಿಲ್ಲ.

ಖಾದರ್ ರೂಮಿನಲ್ಲಿ ಮಂಚ ಜೋಡಿಸುತ್ತಿದ್ದ. "ಹೌದಾ? ಛಲೋ ಆತು ಬಿಡಪಾ," ಎಂದ. ಕೈಯಲ್ಲಿದ್ದ ಸ್ಕ್ರೂ ಬಿಗಿದು, "ನೀ ಯಾವಾಗ ಶಿಫ್ಟ್ ಆಗ್ತಿ?" ಎಂದು ಕೇಳಿದ.

"ಮುಂದಿನ ವಾರ," ಎಂದೆ.

ಅವನು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಕವರಿಗೆ ಹಾಕಿದ. ಶುಕ್ರವಾರ ಹಿಕ್ಸ್‌ವಿಲ್‌ನ ಪರಿಚಯದವರ ಮನೆಗೆ ಹೋದ. ನಾನು ಎಲ್ಲಿಗೂ ಶಿಫ್ಟ್ ಆಗಲಿಲ್ಲವೆಂದು ಅವನಿಗೆ ತಿಳಿದಿರಲೇಬೇಕು. ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ. ನಾನೂ ಆ ಗ್ಯಾರೇಜಿಗೆ ಹೋಗಲಿಲ್ಲ.

ಅಂಕಲ್‌ರನ್ನು ಕೊನೆಯದಾಗಿ ಕಂಡದ್ದು ನಾಲ್ಕು ವರ್ಷದ ಮೇಲೆ, ಜ್ಯಾಕ್ಸನ್ ಹೈಟ್ಸ್‌ನ ತರಕಾರಿ ಅಂಗಡಿಯಲ್ಲಿ. ನುಗ್ಗೆಕಾಯಿ ಆರಿಸುತ್ತಿದ್ದವರು ನನ್ನನ್ನು ಕಂಡು ತೆಕ್ಕೆಗೆ ಎಳೆದುಕೊಂಡರು. ಆಂಟಿಯ ಮಂಡಿನೋವು, ಮಗಳ ಕಾಲೇಜು, ಎಲ್ಲ ಹೇಳಿದರು.

"ನಮ್ಮ ಖಾದರ್ ಎಲ್ಲಿದಾನೋ? ಎಂಥಾ ಜಾಣ! ಯಾಕೋ ಇದ್ದಕ್ಕಿದ್ದಂಗೆ ಬರೋದೇ ಬಿಟ್ಬಿಟ್ಟ. ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಯ್ತಾ?"

ಅವರ ಮುಖವನ್ನು ನಿಧಾನವಾಗಿ ನೋಡಿದೆ. ನಟನೆಯಿರಲಿಲ್ಲ. ಅವರು ನಿಜವಾಗಿಯೂ ಮರೆತಿದ್ದರು.