ಕೇಬಲ್ ವೈರಿನ ಮೇಲೆ ಎಂಟನೇ ನಂಬರಿನ ಅಂಗಿ

ಮೊಮ್ಮಗಳು ರಜೆಗೆ ಬಂದಾಗ ಬಿಟ್ಟುಹೋದ ಆಟದ ಅಂಗಿಯನ್ನು ನಿನ್ನೆ ಬೆಳಿಗ್ಗೆ ಒಗೆದು ಮಹಡಿಯ ಮೇಲೆ ಒಣಹಾಕಿದೆ. ನಮ್ಮ ಮಹಡಿಯಲ್ಲಿ ಬಟ್ಟೆ ಒಣಹಾಕಲು ಇರುವುದು ಹಗ್ಗವಲ್ಲ, ಕಿರುಬೆರಳಿನಷ್ಟು ದಪ್ಪದ ಕಪ್ಪು ಕೇಬಲ್ ವೈರು. ಬಿಸಿಲಿಗೆ ಕಾದ ಆ ವೈರಿಗೆ ಒದ್ದೆ ಬಟ್ಟೆ ತಾಗಿದ ಕೂಡಲೇ ಒಂದು ವಾಸನೆ ಏಳುತ್ತದೆ. ಸೈಕಲ್ ಟ್ಯೂಬಿನ ವಾಸನೆಗೆ ಹತ್ತಿರ, ಆದರೆ ಅದೇ ಅಲ್ಲ... ಇಷ್ಟು ವರ್ಷ ಆ ವಾಸನೆ ಬಂದಾಗಲೆಲ್ಲ ಮುಖ ತಿರುಗಿಸಿಕೊಂಡು ಕೆಳಗಿಳಿದು ಬರುತ್ತಿದ್ದೆ. ನಿನ್ನೆ ಆಗಲಿಲ್ಲ. ಅಂಗಿಯ ಮೇಲಿನ ಎಂಟನೇ ನಂಬರು ನೋಡುತ್ತಾ ನಿಂತವಳಿಗೆ ಕೇಬಲ್ ಅಣ್ಣ ನೆನಪಾದರು.

ಮೊದಲು ನನ್ನ ಸಂತೋಷ ಹೇಳಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೆಯಲು ಕೈ ಓಡುವುದಿಲ್ಲ. ನನ್ನ ಮೊಮ್ಮಗಳು ಫುಟ್‌ಬಾಲ್ ಆಡುತ್ತಾಳೆ! ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ, ಇನ್ನೂ ಹದಿನಾರು ತುಂಬಿಲ್ಲ, ಹುಡುಗಿಯರ ರಾಜ್ಯ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಸುದ್ದಿ ಬಂದ ದಿನ ಬೀದಿಯ ಮನೆಮನೆಗೂ ಹೋಗಿ ಸಕ್ಕರೆ ಕೊಟ್ಟು ಬಂದೆ. ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವವಳಿಗೆ ಹೇಳಿದೆ, ಗುರುತು ಪರಿಚಯ ಇಲ್ಲದ ಕಂಡಕ್ಟರಿಗೂ ಹೇಳಿದೆ. "ಖುಷಿ ಆತು ಅಜ್ಜಿ, ಮೊದ್ಲು ಟಿಕೆಟ್ ತಗಳ್ರಿ" ಅಂದ ಅವನು. ಹುಡುಗಿಗೆ ಈ ಆಟದ ಹುಚ್ಚು ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಅವಳ ಅಪ್ಪನಿಗೆ, ಅಂದರೆ ನನ್ನ ಮಗನಿಗೆ, ಚೆಂಡು ಕಂಡರೆ ಆಗದು. ಹುಚ್ಚು ಬಂದದ್ದು ನನ್ನಿಂದ. ನನಗೆ ಬಂದದ್ದು ಕೇಬಲ್ ಅಣ್ಣನಿಂದ.

ನಮ್ಮ ಮನೆಯವರು ಗಾರೆ ಮೇಸ್ತ್ರಿ. ಊರವರ ಮನೆಯನ್ನೆಲ್ಲ ಕಟ್ಟಿ ಕಟ್ಟಿ ಕೊನೆಗೆ ನಮ್ಮದಕ್ಕೂ ಒಂದು ಮಹಡಿ ಎಬ್ಬಿಸಿದ್ದರು. ಆಗ ನಮ್ಮ ಬೀದಿಯಲ್ಲಿ ಮಹಡಿ ಇದ್ದದ್ದು ಅದೊಂದೇ. ಹೆಗಲ ಮೇಲೆ ವೈರಿನ ಸುರುಳಿ ಹೊತ್ತುಕೊಂಡು ಒಬ್ಬರು ಬಾಗಿಲಿಗೆ ಬಂದರು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದರು. ಅವರು ಬೀದಿಗೆಲ್ಲ ಕೇಬಲ್ ಎಳೆಯುವವರು, ಸ್ವಂತ ಲೈನು. ಕಂಬ ಇಲ್ಲ, ಏನಿಲ್ಲ. ತೆಂಗಿನ ಮರದಿಂದ ಮಾಳಿಗೆಗೆ, ಮಾಳಿಗೆಯಿಂದ ಇನ್ನೊಂದು ತೆಂಗಿನ ಮರಕ್ಕೆ ವೈರು ಹೋಗುತ್ತಿತ್ತು. ದೂರ ಹೋದ ಹಾಗೆ ಚಿತ್ರ ಮಂಕಾಗುತ್ತದಂತೆ, ಅದಕ್ಕೆ ನಡುವೆ ಬೂಸ್ಟರ್ ಎಂಬ ಡಬ್ಬಿ ಕೂರಿಸಬೇಕು, ಆ ಡಬ್ಬಿಗೆ ಯಾರದಾದರೂ ಮನೆಯ ಕರೆಂಟು ಬೇಕು. ಕರೆಂಟು ಕೊಟ್ಟ ಮನೆಗೆ ಕೇಬಲ್ ಪುಕ್ಕಟೆ. ಅದು ಆಗಿನ ಕ್ರಮ. ಹಾಗೆ ನಮ್ಮ ಮಹಡಿಯ ಗೋಡೆಗೆ ಡಬ್ಬಿ ಬಂತು, ನಮ್ಮ ಮನೆಗೆ ಟಿ.ವಿ. ಬಂತು, ನನಗೆ ಒಬ್ಬ ಅಣ್ಣ ಬಂದರು. ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು, ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಯಾರು ದೊಡ್ಡವರು ಎಂದು ನಾವು ಕೇಳಿಕೊಳ್ಳಲೇ ಇಲ್ಲ.

ಒಂದು ಸಂಜೆ ಗುಡುಗು ಬಂತೆಂದು ಹೆದರಿ ಆ ಡಬ್ಬಿಯ ಸ್ವಿಚ್ ಆರಿಸಿಬಿಟ್ಟೆ. ಐದು ನಿಮಿಷಕ್ಕೆ ಅರ್ಧ ಬೀದಿ ನಮ್ಮ ಬಾಗಿಲಲ್ಲಿತ್ತು. "ಗುಡುಗಿದ್ದು ನಿಮ್ಮನೆ ಮ್ಯಾಲೆ, ಸೀರಿಯಲ್ ನಿಂತಿದ್ದು ನಮ್ಮನೇಲಿ, ಇದ್ಯಾವ ನ್ಯಾಯನವ್ವಾ?" ಎಂದಳು ಎದುರು ಮನೆಯ ಎಮ್ಮೆಯವಳು. ಕೇಬಲ್ ಅಣ್ಣ ನೆನೆದುಕೊಂಡೇ ಓಡಿಬಂದು, ನಕ್ಕು, ಸ್ವಿಚ್ ಹಾಕಿ ಹೋದರು.

ನನಗೆ ಸೀರಿಯಲ್ ರುಚಿಸುತ್ತಿರಲಿಲ್ಲ. ತವರೂರು ಮಾಡದಕೆರೆಯಲ್ಲಿ ನಾಲ್ಕನೇ ಕ್ಲಾಸು ಓದಿ ಬಿಟ್ಟವಳು ನಾನು, ಹಿಂದಿ ಇಂಗ್ಲಿಷು ಎಲ್ಲಿ ಬರಬೇಕು? ಒಂದು ಮಧ್ಯಾಹ್ನ ಪಾತ್ರೆ ತೊಳೆದು ಬಂದು ಬಟನ್ ಒತ್ತುತ್ತಾ ಹೋದೆ. ಹಸಿರು ಬಯಲಿನಲ್ಲಿ ಇಷ್ಟು ಜನ ಒಂದು ಚೆಂಡಿನ ಹಿಂದೆ ಓಡುತ್ತಿದ್ದರು. ನೋಡುತ್ತಾ ನೋಡುತ್ತಾ ಎಲ್ಲ ಅರ್ಥವಾಯಿತು! ಯಾರು ಯಾರಿಗೆ ಕೊಡುತ್ತಾನೆ, ಯಾರು ಮೋಸ ಮಾಡುತ್ತಾನೆ, ಯಾರು ಸುಮ್ಮನೆ ಬಿದ್ದು ಹೊರಳಾಡಿ ನಾಟಕ ಮಾಡುತ್ತಾನೆ... ಭಾಷೆಯೇ ಬೇಡ. ನಮ್ಮ ಬೀದಿಯಲ್ಲಿ ಈ ಆಟ ನೋಡುತ್ತಿದ್ದವರು ನಾನು, ಮೂಲೆಯ ಬೇಕರಿಯ ಕೇರಳದವರು, ಮಿಲಿಟರಿಯಿಂದ ರಿಟೈರಾಗಿ ಬಂದಿದ್ದ ಒಬ್ಬರು, ಅಷ್ಟೇ. ಗೋಲು ಬಿದ್ದರೆ ಬೇಕರಿಯಿಂದ ಒಂದು ಕೂಗು, ಮಿಲಿಟರಿಯವರ ಕಿಟಕಿಯಿಂದ ಒಂದು ಕೂಗು, ನಮ್ಮ ಅಡುಗೆಮನೆಯಿಂದ ನನ್ನದೊಂದು ಕೂಗು. ಮೂರು ಕೂಗು ಕೇಳಿಸಿದರೆ ಕೇಬಲ್ ಅಣ್ಣ ಎಲ್ಲೋ ಮರದ ಮೇಲಿಂದಲೇ ಲೈನು ಚೆನ್ನಾಗಿದೆ ಎಂದು ತಿಳಿದುಕೊಳ್ಳುತ್ತಿದ್ದರಂತೆ.

ಮೊದಲು ಎಲ್ಲ ಚಾನೆಲ್ಲೂ ಆಕಾಶಕ್ಕೆ ಮುಖ ಮಾಡಿದ ಡಿಶ್ ಛತ್ರಿಯಿಂದ ಪುಕ್ಕಟೆ ಇಳಿಯುತ್ತಿತ್ತು. ಆಮೇಲೆ ಒಂದೊಂದೇ ಚಾನೆಲ್ಲಿಗೆ ಬೀಗ ಬಿತ್ತು. ಎರಡು ಸಾವಿರದ ಎರಡರಲ್ಲಿ ಫುಟ್‌ಬಾಲ್ ವಿಶ್ವಕಪ್ ಬಂದಾಗ ಆಟಗಳು ನಮಗೆ ಸರಿಯಾಗಿ ಮಧ್ಯಾಹ್ನ, ಸಂಜೆ. ನನಗೋ ಹಬ್ಬ. ಆದರೆ ಆ ಆಟ ತೋರಿಸುವ ಹಕ್ಕನ್ನು ಒಂದು ಕಂಪನಿ ಕೊಂಡುಕೊಂಡಿದೆ, ದುಡ್ಡು ಕಟ್ಟಿ ಅವರ ಪೆಟ್ಟಿಗೆ ತಂದರೆ ಮಾತ್ರ ಚಾನೆಲ್ ತೆರೆಯುತ್ತದೆ ಎಂದರು ಕೇಬಲ್ ಅಣ್ಣ. ಎಲ್ಲೋ ಆಡುವ ಆಟವನ್ನು ತೋರಿಸಲು ಹಕ್ಕು ಎಂದರೇನು ಎಂದು ನನಗೆ ತಿಳಿಯಲಿಲ್ಲ. ಮಹಡಿಯ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತಾ ತಿಳಿಸಿದರು.

"ರಸ್ತೆ ಬದಿ ಹುಣಸೆಮರ ನೋಡಿದೀರಲ್ಲಕ್ಕ? ಮರ ಸರ್ಕಾರದ್ದು. ನೆರಳು ಹೋಗೋರು ಬರೋರದ್ದು. ಹಣ್ಣು ಮಾತ್ರ ಹರಾಜು ಹಿಡಿದೋನ್ದು. ಕೆಳಗೆ ಬಿದ್ದಿದ್ದು ಒಂದು ಆಯ್ಕಂಡ್ರೂ ಕಾವಲುಗಾರ ಬರ್ತಾನೆ. ಇದೂ ಹಂಗೇ. ವರ್ಷ ವರ್ಷ ಹರಾಜು ಏರ್ತಾ ಹೋಗ್ತೈತೆ, ಹಿಡಿದೋನು ನನ್ನ ಹಿಂಡ್ತಾನೆ, ನಾನು ನಿಮ್ಮನ್ನ ಹಿಂಡಬೇಕು."

ತೊಡಕು ಏನೆಂದರೆ, ಕಂಪನಿಯವರಿಗೆ ಎಲ್ಲ ಮನೆಯ ಲೆಕ್ಕಕ್ಕೂ ದುಡ್ಡು ಬೇಕು. ಆಟ ನೋಡುವುದು ಮೂರು ಮನೆ, ಕಟ್ಟಬೇಕಾದದ್ದು ಇಡೀ ಲೈನಿಗೆ. ತಿಂಗಳಿಗೆ ಹತ್ತು ರೂಪಾಯಿ ಹೆಚ್ಚು ಕೊಡಿ ಎಂದು ಅವರು ಬೀದಿಯಲ್ಲಿ ಕೇಳಿದ್ದೂ ಆಯಿತು. ಎಮ್ಮೆಯವಳು ಸೊಂಟದ ಮೇಲೆ ಕೈಯಿಟ್ಟು, "ಒದೆಯೋದು ನೋಡಾಕೆ ಹತ್ತು ರೂಪಾಯಾ? ನಮ್ಮನೆ ಎಮ್ಮೆ ದಿನಾ ಪುಗಸಟ್ಟೆ ಒದೀತೈತೆ, ಬಾರಪ್ಪ ತೋರಿಸ್ತೀನಿ" ಎಂದಳು. ಬೀದಿಯೆಲ್ಲ ನಕ್ಕಿತು. ಕೇಬಲ್ ಅಣ್ಣನೂ ನಕ್ಕರು, ಆದರೆ ಆ ನಗು ಕಣ್ಣಿನವರೆಗೆ ಏರಲಿಲ್ಲ.

"ಚಾನೆಲ್ ಬಿಟ್ಟೇಬಿಡ್ರಿ ಅಣ್ಣ, ನಮ್ಮ ಮೂರು ಮನೆಗೋಸ್ಕರ ಯಾಕೆ ಒದ್ದಾಡ್ತೀರಿ" ಎಂದೆ.

"ಬಿಟ್ರೆ ಅವನು ಬರ್ತಾನಕ್ಕ" ಎಂದರು. ಅವನು ಅಂದರೆ ಚಿತ್ರದುರ್ಗದ ಕಡೆಯ ದೊಡ್ಡ ಕೇಬಲ್‌ನವನು, ಊರೂರಿನ ಚಿಕ್ಕ ಲೈನುಗಳನ್ನು ಕೊಂಡುಕೊಳ್ಳುತ್ತಿದ್ದವನು. ಒಂದು ಚಾನೆಲ್ ಕಡಿಮೆಯಾದರೂ ಸಾಕು, ನಮ್ಮಲ್ಲಿ ಎಲ್ಲ ಇದೆ ಬನ್ನಿ ಎಂದು ಮನೆ ಎಳೆದುಕೊಳ್ಳುತ್ತಿದ್ದ. "ಕಟ್ಟಿದ್ರೆ ಕಂಪನಿ ನುಂಗ್ತೈತೆ, ಕಟ್ಟದಿದ್ರೆ ಇವನು ನುಂಗ್ತಾನೆ. ವೈರು ನಾನೇ ಎಳೆದೆ, ಈಗ ನನ್ನ ಕಾಲಿಗೇ ಸುತ್ಕಂಡೈತೆ ನೋಡ್ರಿ" ಎಂದು ಖಾಲಿ ಲೋಟ ನನ್ನ ಕೈಗೆ ಕೊಟ್ಟು ಎದ್ದರು.

ಆದರೂ ಆಟ ಬಂತು! ಮೊದಲನೇ ದಿನವೇ ಬಂತು. ನಾನು ಹೇಗೆ ಬಂತು ಎಂದು ಕೇಳಲಿಲ್ಲ, ಹಿಗ್ಗಿ ಕುಳಿತೆ. ಲೈನಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಮನೆ ಇದ್ದರೂ ಅವರು ಕಂಪನಿಗೆ ನಲವತ್ತೇ ಮನೆ ಎಂದು ಬರೆದುಕೊಟ್ಟಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಯಾರಾದರೂ ಬಂದು ಕೇಳಿದರೆ ಸುಳ್ಳು ಹೇಳಿ ಎಂದು ನನಗೆ ಹೇಳಲು ಅವರಿಗೆ ಬಾಯಿ ಬಂದಿರಲಿಕ್ಕಿಲ್ಲ.

ಮೂರನೇ ವಾರವೋ ಏನೋ, ಹನ್ನೊಂದು ಗಂಟೆಯ ಹೊತ್ತಿಗೆ ಇಸ್ತ್ರಿ ಅಂಗಿಯ ಒಬ್ಬರು ಬಂದರು. ಕೇಬಲ್ ಕೆಲಸದ ಮೇಲೆ ಬಂದಿದ್ದೇನೆ, ಬೂಸ್ಟರ್ ಎಲ್ಲಿದೆ ಎಂದರು. ಬಿಸಿಲಲ್ಲಿ ಬಂದವರು, ಕೂರಿಸಿದೆ. ಮಜ್ಜಿಗೆ ಕೊಟ್ಟೆ, ಒಗ್ಗರಣೆ ಹಾಕಿದ ಮಂಡಕ್ಕಿ ಕೊಟ್ಟೆ. ಆಮೇಲೆ ಮಹಡಿಗೆ ಕರೆದುಕೊಂಡು ಹೋದೆ. ಇಲ್ಲಿಂದ ಲೈನು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಕೇಳಬೇಕೇ? ನನ್ನ ಅಣ್ಣ ಕಂಬವಿಲ್ಲದೆ ಇಡೀ ಕೇರಿಗೆ ಎಳೆದ ಲೈನು! ನನಗೆ ಅದೆಷ್ಟು ಹೆಮ್ಮೆ! ಕೈ ಚಾಚಿ ಚಾಚಿ ತೋರಿಸಿದೆ. ಅದು ಗಿರಣಿಗೆ, ಗಿರಣಿಯಿಂದ ಟೈಲರ್ ಮನೆಗೆ, ಆ ಕಡೆ ಎಮ್ಮೆಯವರದ್ದು, ಅದರಾಚೆ ಹೊಸ ವಠಾರಕ್ಕೆ ಹನ್ನೆರಡು... ಅವರು ಬರೆದುಕೊಳ್ಳುತ್ತಾ ಹೋದರು. ಪುಸ್ತಕ ಮುಚ್ಚುವಾಗ ನಾನೇ ತಡೆದೆ. "ತೆಂಗಿನ ಮರದ ಹಿಂದೆ ಒಂದು ಮನೆ ಐತೆ, ನೀವು ಬಿಟ್ರಿ, ಬರ್ಕಳ್ರಿ" ಎಂದೆ.

ಮಾರನೇ ಮಧ್ಯಾಹ್ನ ಟಿ.ವಿ. ಮುಂದೆ ಕುಳಿತರೆ ಚೆಂಡು ಇರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷಿನ ಒಂದು ಸಾಲು. ಬೇಕರಿಯವರು ಬಂದು ಕೇಳಿದರು, ಮಿಲಿಟರಿಯವರು ಬಂದು ಕೇಳಿದರು. ಸಂಜೆ ಕೇಬಲ್ ಅಣ್ಣ ಬಂದರು, ಕೈಯಲ್ಲಿ ಒಂದು ಉದ್ದನೆಯ ಕಾಗದ. ಕಂಪನಿಯವರು ಎಲ್ಲ ಮನೆಯನ್ನೂ ಕಂಡುಹಿಡಿದಿದ್ದಾರೆ, ಹಿಂದಿನದನ್ನೂ ಸೇರಿಸಿ ಕಟ್ಟು ಅನ್ನುತ್ತಿದ್ದಾರೆ, ಕಟ್ಟದಿದ್ದರೆ ಉಳಿದ ಚಾನೆಲ್ಲುಗಳೂ ಬಂದ್ ಎಂದರು. ದನಿ ಏರಿಸಲಿಲ್ಲ. ಕಾಗದದಲ್ಲಿದ್ದ ಮನೆಗಳನ್ನು ಒಂದೊಂದಾಗಿ ಓದಿದರು. ಗಿರಣಿ, ಟೈಲರ್, ಎಮ್ಮೆಯವರು, ವಠಾರ... ನಾನು ಹೇಳಿದ ಸಾಲಿನಲ್ಲೇ ಇದ್ದವು.

"ಅಕ್ಕ, ಮೊನ್ನೆ ನಿನ್ನೇಲಿ ಯಾರಾದ್ರೂ ಬಂದಿದ್ರಾ ಇಲ್ಲಿಗೆ?"

"ಇಲ್ಲಣ್ಣ" ಎಂದೆ.

ಹೇಗೆ ಬಾಯಿಂದ ಬಂತೋ... ಬಂದುಬಿಟ್ಟಿತು. ಅವರು ಕಾಗದದ ಕೊನೆಯ ಸಾಲಿನ ಮೇಲೆ ಹೆಬ್ಬೆರಳಿಟ್ಟರು. ಆಮೇಲೆ ಮಡಚಿ ಜೇಬಿಗೆ ಹಾಕಿಕೊಂಡು, "ಆತು ಬಿಡ್ರಿ" ಎಂದರು. ಕೊನೆಯ ಸಾಲಿನಲ್ಲಿದ್ದದ್ದು ತೆಂಗಿನ ಮರದ ಹಿಂದಿನ ಮನೆ. ಆ ಮನೆ ಬೀದಿಯಿಂದ ಕಾಣುತ್ತಿರಲಿಲ್ಲ. ಬೇರೆ ಯಾರ ಮಾಳಿಗೆಯಿಂದಲೂ ಕಾಣುತ್ತಿರಲಿಲ್ಲ. ನಮ್ಮ ಮಹಡಿಯಿಂದ ಮಾತ್ರ ಕಾಣುತ್ತಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಎರಡು ತಿಂಗಳಿಗೆ ಲೈನು ಚಿತ್ರದುರ್ಗದವನ ಕೈಗೆ ಹೋಯಿತು. ಕೇಬಲ್ ಅಣ್ಣ ತಾವೇ ಎಳೆದ ಲೈನಿನಲ್ಲಿ ಸಂಬಳಕ್ಕೆ ನಿಂತರು. ತಿಂಗಳ ಮೊದಲ ವಾರ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಿದ್ದರು. ನಮ್ಮ ಬಾಗಿಲಿಗೆ ಬಂದರೆ, "ನಿಮ್ದು ಇಲ್ಲಕ್ಕ, ಬೂಸ್ಟರ್ ಮನೆ" ಎಂದು ದಾಟಿ ಹೋಗುತ್ತಿದ್ದರು. ಬೈದಿದ್ದರೆ ನಾನೂ ಅತ್ತು ಹೇಳಿಬಿಡುತ್ತಿದ್ದೆ. ಅವರು ಬೈಯಲಿಲ್ಲ. ಗೋಡೆಯ ಆ ಡಬ್ಬಿ ಹಗಲೆಲ್ಲ ಗುಂಯ್ ಎನ್ನುತ್ತಿತ್ತು. ನನ್ನದೇ ಮನೆಯ ಮಹಡಿ ಹತ್ತಲು ನನಗೆ ಹಿಂಜರಿಕೆ. ಕರೆಂಟು ಕೊಟ್ಟ ಮನೆ, ಡಬ್ಬಿ ಕಿತ್ತುಹಾಕಿ ಅನ್ನುವ ಹಾಗೂ ಇಲ್ಲ, ಇಟ್ಟುಕೊಂಡು ನೆಮ್ಮದಿಯೂ ಇಲ್ಲ. ಆಟ ಹಚ್ಚಿದರೆ ಗೋಲು ಬಿದ್ದರೂ ಕೂಗುತ್ತಿರಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ನೋಡುತ್ತಿದ್ದೆ. ನಾಲ್ಕು ವರ್ಷ ಹೀಗೇ ಕಳೆಯಿತು.

ಆಮೇಲೆ ಹೊಸ ಮಾಲೀಕ ಕಂಬ ನೆಟ್ಟು ಬೇರೆ ವೈರು ಎಳೆಸಿದ. ಹಳೆಯದನ್ನು ಕತ್ತರಿಸಲು ಬಂದವರು ಕೇಬಲ್ ಅಣ್ಣನೇ. ಡಬ್ಬಿ ಬಿಚ್ಚಿದರು. ಒಂದೊಂದೇ ವೈರು ಕತ್ತರಿಸಿ ಸುರುಳಿ ಸುತ್ತಿದರು. ಅಂದು ಹೇಳಲೇಬೇಕೆಂದು ಮಜ್ಜಿಗೆ ಲೋಟ ಹಿಡಿದು ಮೇಲೆ ಹೋದೆ.

"ಅಣ್ಣ, ಅವತ್ತು ನೀವು ಕೇಳಿದ್ರಲ್ಲ..."

ಅವರು ಕೊನೆಯ ಒಂದು ತುಂಡನ್ನು ಕತ್ತರಿಸದೆ, ನೀರಿನ ಟ್ಯಾಂಕಿನ ಕಂಬದಿಂದ ಕಟ್ಟೆಯ ಕಬ್ಬಿಣಕ್ಕೆ ಬಿಗಿದು ಕಟ್ಟುತ್ತಿದ್ದರು. "ಇದು ಗಟ್ಟಿ ವೈರು ಅಕ್ಕ. ಒದ್ದೆ ಕಂಬಳಿ ಹಾಕಿದ್ರೂ ಜಗ್ಗಲ್ಲ. ಬಟ್ಟೆ ಒಣಾಕ್ಕಳ್ರಿ" ಎಂದರು. ನಾನು ಮತ್ತೆ ಬಾಯಿ ತೆರೆದೆ. ಅವರು ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದು, "ಮಜ್ಜಿಗೆ ಹಂಗೇ ಐತೆ, ರುಚಿ ಕೆಟ್ಟಿಲ್ಲ" ಎಂದು ಇಳಿದು ಹೋದರು. ಮಗಳ ಊರು ಹಿರಿಯೂರಿಗೆ ಹೋಗಿ ಇದ್ದರಂತೆ. ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ತಿಥಿ ಎಲ್ಲ ಮುಗಿದ ಮೇಲೆ, ಬೇಕರಿಯವರ ಬಾಯಿಂದ...

ನಿನ್ನೆ ಮಧ್ಯಾಹ್ನ ಮೊಮ್ಮಗಳ ಆಟ ಇತ್ತು. ಟಿ.ವಿ.ಯಲ್ಲಿ ಬರುವುದಿಲ್ಲ, ಫೋನಿನಲ್ಲಿ ಯಾವುದೋ ಆ್ಯಪಿನಲ್ಲಿ ಮಾತ್ರ, ಅದೂ ದುಡ್ಡು ಕಟ್ಟಿದವರಿಗೆ ಎಂದ ಮಗ. ಈಗ ಬೀಗ ಮನೆಗೊಂದಲ್ಲ, ತಲೆಗೊಂದು. ನಾನು ಎಣ್ಣೆ ಹಚ್ಚಿ ತಲೆ ಬಾಚಿದ ಹುಡುಗಿ, ಅವಳ ಆಟವನ್ನೂ ಯಾರೋ ಹರಾಜಿನಲ್ಲಿ ಹಿಡಿದಿದ್ದಾರೆ! ನಮ್ಮದೇ ಹಿತ್ತಲ ಹುಣಸೆಹಣ್ಣು ಕೊಂಡು ತಿಂದಂತೆ ಮಗ ದುಡ್ಡು ಕಟ್ಟಿದ. ಅಂಗೈಯಗಲದ ಗಾಜಿನಲ್ಲಿ ನನ್ನ ಕೂಸು ಓಡಿದ್ದೇ ಓಡಿದ್ದು. ಎರಡನೇ ಅರ್ಧದಲ್ಲಿ ಎಡಗಾಲಿನಿಂದ ಒಂದು ಹೊಡೆದಳು ನೋಡಿ... ಗೋಲು!

ಕೂಗಿಬಿಟ್ಟೆ. ಇಷ್ಟು ವರ್ಷಕ್ಕೆ ಮೊದಲ ಸಲ, ಸೆರಗು ಅಡ್ಡ ಹಿಡಿಯದೆ, ಗಂಟಲು ಬಿರಿಯುವ ಹಾಗೆ ಕೂಗಿದೆ. ಕೂಗಿದವಳೇ ಮಂಡಿ ನೋವು ಮರೆತು ಮಹಡಿಗೆ ಓಡಿದೆ. ಏಕೆ ಓಡಿದೆನೆಂದು ಮೇಲೆ ಹೋದ ಮೇಲೆ ತಿಳಿಯಿತು. ಉಳಿದ ಎರಡು ಕೂಗು ಬರುತ್ತವೆಯೇ ಎಂದು ಕಿವಿಗೊಟ್ಟು ನಿಂತಿದ್ದೆ. ಬೇಕರಿಯಿದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮಿಲಿಟರಿಯವರ ಕಿಟಕಿಗೆ ಹಲಗೆ ಹೊಡೆದಿದೆ. ಆ ತೆಂಗಿನ ಮರವೂ ಇಲ್ಲ, ಅದರ ಹಿಂದಿನ ಮನೆ ಈಗ ಎಲ್ಲರಿಗೂ ಕಾಣುತ್ತದೆ.

ಅಂಗಿ ಯಾವಾಗಲೋ ಒಣಗಿತ್ತು. ವೈರಿಗೆ ಒಂದು ಕೈ ಹಿಡಿದು, "ಬಂದಿದ್ರು ಅಣ್ಣ. ನಾನೇ ತೋರಿಸ್ದೆ" ಎಂದೆ. ಬಿಸಿಲಿಗೆ ವೈರು ಸುಡುತ್ತಿತ್ತು.